ಸಿಟ್ಟು ತರಿಸುವ ಎಲ್ಲದಕ್ಕೂ "ಇರಿಟೇಟಿಂಗ್" ಒಂದೇ ಪದಾನಾ?

ನೀಲಿಶಾಯಿ:

ಕೆಲಸದಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ಬರೆಯಬೇಕು ನಾನು. ಮೇಲ್, ವರದಿ, ಗ್ರಾಹಕರ ದೂರುಗಳ ಸಾರಾಂಶ, ಇಂಥವು. ಬೇರೆಲ್ಲ ಹೇಗೋ ಓಡುತ್ತದೆ. ಆದರೆ ಸಿಟ್ಟು ಬರಿಸುವ ವಿಷಯ ಬಂತು ಅಂದರೆ ಕೈಗೆ ಸಿಗುವುದು ಎರಡೇ ಪದ, ಅನ್ನಾಯಿಂಗ್ ಮತ್ತು ಇರಿಟೇಟಿಂಗ್. ಕನ್ನಡದಲ್ಲಿ ನಾವು ಹೀಗೆ ಮಾಡುವುದಿಲ್ಲ ಅಲ್ವಾ? ಸಣ್ಣದಕ್ಕೆ ಕಿರಿಕಿರಿ ಅನ್ನುತ್ತೇವೆ, ಮುಗಿಯದೆ ಎಳೆಯುವ ಕೆಲಸಕ್ಕೆ ರೇಜಿಗೆ, ಯಾರಾದರೂ ಬಿಡದೆ ಬೆನ್ನು ಹತ್ತಿದರೆ ಕಾಟ, ಅನ್ಯಾಯ ನೋಡಿದರೆ ಮೈಯೆಲ್ಲ ಉರಿಯುತ್ತದೆ. ಯಾರೂ ಇವನ್ನು ಅದಲುಬದಲು ಮಾಡುವುದಿಲ್ಲ.

ನನಗೆ ತಲೆಯಲ್ಲಿರುವ ಉದಾಹರಣೆ ಹೇಳುತ್ತೇನೆ. ಮೀಟಿಂಗಿನಲ್ಲಿ ಪಕ್ಕದವರು ಪೆನ್ನಿನ ತಲೆ ಒತ್ತಿ ಒತ್ತಿ ಟಕ್ ಟಕ್ ಅನ್ನಿಸುತ್ತಾ ಕೂತಿರುತ್ತಾರೆ, ಅದು ಒಂದು. ಉದ್ದದ ಆನ್‌ಲೈನ್ ಫಾರ್ಮ್ ತುಂಬಿ, ಫೋಟೋ ಸೇರಿಸಿ, ಸಹಿ ಸೇರಿಸಿ, ಕೊನೆಯ ಬಟನ್ ಒತ್ತಿದರೆ "ಸೆಷನ್ ಎಕ್ಸ್‌ಪೈರ್ಡ್" ಅಂತ ಬಂದು ಎಲ್ಲ ಖಾಲಿ, ಅದು ಇನ್ನೊಂದು. ನಾವು ಮಾಡಿದ ಕೆಲಸವನ್ನು ಇನ್ಯಾರೋ ನಮ್ಮೆದುರೇ ತಮ್ಮದು ಅಂತ ತೋರಿಸಿ ಹೊಗಳಿಸಿಕೊಳ್ಳುವುದು ಮತ್ತೊಂದು. ಈ ಮೂರಕ್ಕೂ ಇರಿಟೇಟಿಂಗ್ ಅಂತ ಬರೆದರೆ ಏನು ಹೇಳಿದಂತಾಯಿತು?

ಥೆಸಾರಸ್ ತೆರೆದರೆ ಪದಗಳ ರಾಶಿಯೇ ಬೀಳುತ್ತದೆ, ಎಲ್ಲದಕ್ಕೂ ಅರ್ಥ ಒಂದೇ ಅನ್ನುವ ಹಾಗೆ. ನನಗೆ ಬೇಕಾದದ್ದು ನನ್ನ ಸಿಟ್ಟಿನ ಹೆಸರಲ್ಲ. ಸಿಟ್ಟು ಬರಿಸುವ ಆ ವಿಷಯಕ್ಕೆ ಏನನ್ನುತ್ತಾರೆ ಅನ್ನೋದು. ಯಾವುದನ್ನು ಎಲ್ಲಿ ಹಾಕಬೇಕು, ಬಲ್ಲವರು ಹೇಳಿ.

ಪದಬಂಧ ಪ್ರಿಯೆ:

ಮೊದಲು ಯಾವುದರ ಕಾವು ಎಷ್ಟು ಅಂತ ನೋಡಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ತೀರಾ ಕೆಳಗೆ ಬಾದರ್‌ಸಮ್. ಅದರ ಮೇಲೆ ಅನ್ನಾಯಿಂಗ್, ಇರಿಟೇಟಿಂಗ್ ಎರಡೂ ಹೆಚ್ಚುಕಮ್ಮಿ ಒಂದೇ ಮಟ್ಟ. ಸಹನೆ ತೀರುವ ಹಂತಕ್ಕೆ ಬಂದರೆ ಎಕ್ಸಾಸ್ಪರೇಟಿಂಗ್. ತಲೆ ಕೆಟ್ಟು ಹೋಗುವಂತಿದ್ದರೆ ಮ್ಯಾಡನಿಂಗ್. ಇನ್‌ಫ್ಯೂರಿಯೇಟಿಂಗ್ ಅಂದರೆ ನಿಜವಾಗಿ ಕೆಂಡಾಮಂಡಲ ಆಗುವಂಥದ್ದು, ಅದರೊಳಗೆ ಫ್ಯೂರಿ ಕೂತಿದೆ ನೋಡಿ. ಎನ್‌ರೇಜಿಂಗ್ ಕೂಡ ಅಲ್ಲೇ ಮೇಲೆ.

ಪೆನ್ನಿನ ಟಕ್ ಟಕ್‌ಗೆ ಇನ್‌ಫ್ಯೂರಿಯೇಟಿಂಗ್ ಅಂದರೆ ಓದಿದವರು ನಗುತ್ತಾರೆ. ಕೆಲವರು ಬೇಕಂತಲೇ ಹಾಗೆ ಬರೆಯುತ್ತಾರೆ ಬಿಡಿ. ರೆಡ್ಡಿಟ್‌ನಲ್ಲಿ "ಮೈಲ್ಡ್ಲಿ ಇನ್‌ಫ್ಯೂರಿಯೇಟಿಂಗ್" ಅಂತ ಒಂದು ದೊಡ್ಡ ಗುಂಪೇ ಇದೆ. ಸ್ವಲ್ಪ ಕೆಂಡಾಮಂಡಲ ಅಂದ ಹಾಗೆ. ಒಂದೇ ಒಂದು ಟೈಲ್ ಸೊಟ್ಟಗೆ ಕೂತಿರುವುದು, ಸ್ಟಿಕ್ಕರ್ ಅರ್ಧಕ್ಕೇ ಹರಿದು ಬರುವುದು, ಇಂಥದ್ದರ ಫೋಟೋಗಳೇ ಅಲ್ಲಿ ಜಾಸ್ತಿ. ಆ ಎರಡು ಪದ ಒಂದಕ್ಕೊಂದು ಹೊಂದುವುದಿಲ್ಲ, ಅದೇ ಅದರ ತಮಾಷೆ.

ಗುಬ್ಬಿಗೂಡು:

ಕಾವಿನ ಲೆಕ್ಕ ತಪ್ಪಲ್ಲ, ಆದರೆ ಅದನ್ನೇ ಹಿಡಿದು ಹೊರಟರೆ ಪದ ಸರಿಯಾಗಿ ಸಿಗುವುದಿಲ್ಲ ಅಂತ ನನ್ನ ಅಭಿಪ್ರಾಯ. ನೀಲಿಶಾಯಿಯವರ ಎರಡನೇ, ಮೂರನೇ ಉದಾಹರಣೆ ಎರಡಕ್ಕೂ ಬರುವ ಸಿಟ್ಟು ಒಂದೇ ಪ್ರಮಾಣದ್ದಿರಬಹುದು. ಆದರೆ ಪದ ಬೇರೆ ಬೇರೆ ಬೇಕು. ನೋಡಬೇಕಾದದ್ದು ಎಷ್ಟು ಸಿಟ್ಟು ಅಂತಲ್ಲ, ಆ ವಿಷಯ ನಮಗೆ ಏನು ಮಾಡಿತು ಅಂತ.

ಫಾರ್ಮ್ ಏನು ಮಾಡಿತು? ಪಟ್ಟ ಶ್ರಮವನ್ನೆಲ್ಲ ನೀರಲ್ಲಿ ಹೋಮ ಮಾಡಿತು. ಅದಕ್ಕೆ ಫ್ರಸ್ಟ್ರೇಟಿಂಗ್. ಲ್ಯಾಟಿನ್ನಿನಲ್ಲಿ ಫ್ರುಸ್ಟ್ರಾ ಅಂದರೆ ವ್ಯರ್ಥವಾಗಿ ಅಂತಲೇ ಅರ್ಥ. ಏನೋ ಮಾಡಲು ಹೊರಟಿದ್ದೇವೆ, ದಾರಿಗೆ ಏನೋ ಅಡ್ಡ ಬಂತು, ಕೈಕಟ್ಟಿ ಹಾಕಿದಂತಾಯಿತು, ಆಗ ಈ ಪದ. ಪೆನ್ನಿನ ಸದ್ದಿಗೆ ಇದು ಒಪ್ಪುವುದಿಲ್ಲ, ಯಾಕಂದರೆ ಆ ಸದ್ದು ನಿಮ್ಮ ಯಾವ ಕೆಲಸವನ್ನೂ ಹಾಳು ಮಾಡಿಲ್ಲ, ಸುಮ್ನೆ ಕೆರೆಯುತ್ತಾ ಇದೆ ಅಷ್ಟೇ.

ಕೆರೆಯುವಂಥದ್ದಕ್ಕೇ ಇರಿಟೇಟಿಂಗ್ ಸರಿಯಾದ ಪದ. ಡಾಕ್ಟರು ಸ್ಕಿನ್ ಇರಿಟೇಶನ್ ಅನ್ನುವುದಿಲ್ಲವೇ, ಅದೇ. ಚಿಕ್ಕದು, ಆದರೆ ಮತ್ತೆ ಮತ್ತೆ. ಸದ್ದೇ ಆಗಿದ್ದರೆ ಗ್ರೇಟಿಂಗ್ ಇನ್ನೂ ಚೆನ್ನ. ಒರಟಾದ ಎರಡು ವಸ್ತು ಒಂದಕ್ಕೊಂದು ಉಜ್ಜುವ ಸದ್ದಿನಿಂದ ಬಂದದ್ದು ಅದು. ಕೆಲವರ ಧ್ವನಿಗೂ, ನಗುವಿಗೂ ಗ್ರೇಟಿಂಗ್ ಅನ್ನುತ್ತಾರೆ. ಕನ್ನಡದಲ್ಲಿ ತಲೆ ಚಿಟ್ಟು ಹಿಡಿಸುತ್ತದೆ ಅನ್ನುತ್ತೇವಲ್ಲ, ಅದಕ್ಕೆ ಹತ್ತಿರ.

ಎಕ್ಸಾಸ್ಪರೇಟಿಂಗ್ ಅನ್ನುವುದನ್ನು ನಾನು ಸಾಮಾನ್ಯವಾಗಿ ಮನುಷ್ಯರಿಗೇ ಇಟ್ಟುಕೊಳ್ಳುತ್ತೇನೆ. ಎಷ್ಟು ಸಲ ಹೇಳಿದರೂ ಮಾಡಿದ್ದನ್ನೇ ಮಾಡುವವರು, ಉತ್ತರ ಕೊಟ್ಟ ಮೇಲೂ ಅದೇ ಪ್ರಶ್ನೆಯನ್ನು ಬೇರೆ ಮಾತಲ್ಲಿ ಕೇಳುವವರು. ಸಿಟ್ಟಿಗಿಂತ ಜಾಸ್ತಿ, ಸಾಕಪ್ಪಾ ಸಾಕು ಅನ್ನುವ ಸುಸ್ತು ಅದರಲ್ಲಿದೆ. ಪ್ರೀತಿ ಇರುವವರ ಬಗ್ಗೆಯೂ ಹೇಳಬಹುದು, ಬೈದಂತೆ ಆಗುವುದಿಲ್ಲ. ಟೈರ್‌ಸಮ್, ಇರ್ಕ್‌ಸಮ್ ಇವು ನಿಮ್ಮ ರೇಜಿಗೆಯ ಜಾಗಕ್ಕೆ.

ಮೂರನೇ ಉದಾಹರಣೆಗೆ ನನ್ನ ಪ್ರಕಾರ ಒಂದೇ ಪದ, ಗಾಲಿಂಗ್. ಸಿಟ್ಟಿನ ಜೊತೆ ಅವಮಾನವೂ, ಅನ್ಯಾಯವೂ ಸೇರಿದಾಗ, ಬಾಯಿಬಿಟ್ಟು ಹೇಳಿಕೊಳ್ಳಲೂ ಆಗದೆ ನುಂಗಬೇಕಾಗಿ ಬಂದಾಗ ಗಾಲಿಂಗ್. ನೀವೇ ಕೆಲಸ ಕಲಿಸಿದವರಿಗೆ ನಿಮ್ಮನ್ನು ಬಿಟ್ಟು ಬಡ್ತಿ ಸಿಕ್ಕಿತು, ನೀವೇ ಮೊದಲು ಎದ್ದು ಅಭಿನಂದನೆ ಹೇಳಬೇಕು. ಇದು ಅನ್ನಾಯಿಂಗ್ ಅಲ್ಲ. ಗಾಲಿಂಗ್.

ಹಳೇ ಚಪ್ಪಲಿ:

ಗಾಲ್ ಅಂದರೆ ಪಿತ್ತ ಅಲ್ವಾ? ಗಾಲ್ ಬ್ಲ್ಯಾಡರ್‌ನ ಗಾಲ್. ಹಾಗಾದರೆ ನಮ್ಮ "ಪಿತ್ತ ನೆತ್ತಿಗೇರಿತು" ಅನ್ನುವುದೇ ಆಯಿತಲ್ಲ!

ಗುಬ್ಬಿಗೂಡು:

ಪಿತ್ತದ ಗಾಲ್ ಇದೆ, ಹೌದು. ಆದರೆ ಚರ್ಮ ಉಜ್ಜಿ ಉಜ್ಜಿ ಹುಣ್ಣಾಗುವುದಕ್ಕೂ ಗಾಲ್ ಅಂತಲೇ ಹೆಸರು. ಜೀನು ಸರಿಯಾಗಿ ಕೂರದೆ ಕುದುರೆಯ ಬೆನ್ನಿನ ಮೇಲೆ ಆಗುವ ಗಾಯಕ್ಕೆ ಸ್ಯಾಡಲ್ ಗಾಲ್ ಅನ್ನುತ್ತಾರೆ. ಗಾಲಿಂಗ್‌ನಲ್ಲಿರುವುದು ಆ ಉಜ್ಜಾಟ. ಪಿತ್ತ ಬೇಕಿದ್ದರೆ "ಹಿ ಹ್ಯಾಡ್ ದ ಗಾಲ್ ಟು ಆಸ್ಕ್" ಅನ್ನುವ ಮಾತಿನಲ್ಲಿದೆ, ಅಲ್ಲಿ ಅದಕ್ಕೆ ಅರ್ಥ ಕೊಬ್ಬು, ದಾರ್ಷ್ಟ್ಯ. ಪಿತ್ತ ಏರಿರುವುದು ಅವರಿಗೆ, ಉರಿಯುವುದು ನಮಗೆ.

ಈ ಗುಂಪಿನಲ್ಲಿ ನನಗೆ ಇಷ್ಟದ್ದು ಇನ್ನೊಂದಿದೆ, ರ‍್ಯಾಂಕಲ್. ಆಗಿ ಎಷ್ಟೋ ವರ್ಷ ಆದ ಮೇಲೂ ನೆನೆಸಿಕೊಂಡರೆ ಒಳಗೆ ಕೀವು ಕಟ್ಟಿದ ಹಾಗೆ ನೋಯುವ ಮಾತು ಇರುತ್ತದಲ್ಲ, ಅದು ರ‍್ಯಾಂಕಲ್ ಆಗುತ್ತದೆ. "ದಟ್ ರಿಮಾರ್ಕ್ ಸ್ಟಿಲ್ ರ‍್ಯಾಂಕಲ್ಸ್." ಪದದ ಮೂಲದಲ್ಲೂ ಕೀವುಗಟ್ಟಿದ ಹುಣ್ಣೇ ಇದೆ, ಅದಕ್ಕೂ ಹಿಂದೆ ಹೋದರೆ ಲ್ಯಾಟಿನ್ನಿನ ಡ್ರಾಕುಂಕುಲಸ್, ಪುಟ್ಟ ಹಾವು.

ಕೆಂಪುಗೆರೆ:

ಪದ ಆರಿಸುವುದು ಆಮೇಲೆ. ಮೊದಲು ಇಂಗ್, ಇಡಿ ಸರಿ ಮಾಡಿಕೊಳ್ಳಿ ಜನರೇ. ದಿನಕ್ಕೆ ಎಷ್ಟು ಸಲ ಕೇಳುತ್ತೇನೋ, "ಐ ಆಮ್ ಸೋ ಇರಿಟೇಟಿಂಗ್ ಟುಡೇ". ಹಾಗಂದರೆ ಇವತ್ತು ನಾನು ಎಲ್ಲರಿಗೂ ಕಿರಿಕಿರಿ ಮಾಡುತ್ತಿದ್ದೇನೆ ಅಂತ! ಕಿರಿಕಿರಿ ಮಾಡುವ ವಸ್ತು ಇರಿಟೇಟಿಂಗ್, ಅನುಭವಿಸುವವರು ಇರಿಟೇಟೆಡ್. ಮೇಲೆ ಹೇಳಿದ ಹೆಚ್ಚಿನ ಪದಗಳಿಗೆ ಇದೇ ನಿಯಮ. ಗ್ರೇಟಿಂಗ್ ಮಾತ್ರ ಬೇರೆ, ಯಾರೂ ಐ ಆಮ್ ಗ್ರೇಟೆಡ್ ಅನ್ನುವುದಿಲ್ಲ. ತುರಿದು ಹಾಕಿದ ಹಾಗೆ ಆಗಿಬಿಡುತ್ತದೆ.

ಇನ್ನೊಂದು, ಡಿಸ್ಟರ್ಬಿಂಗ್. ನಾವು "ಡಿಸ್ಟರ್ಬ್ ಮಾಡ್ಬೇಡ" ಅನ್ನುವ ರೂಢಿಯಲ್ಲಿ, ಪಕ್ಕದವರ ಗಲಾಟೆ ಡಿಸ್ಟರ್ಬಿಂಗ್ ಅಂತ ಬರೆದುಬಿಡುತ್ತೇವೆ. ಇಂಗ್ಲಿಷ್ ಓದುಗರಿಗೆ ಡಿಸ್ಟರ್ಬಿಂಗ್ ಅಂದರೆ ಮನಸ್ಸು ಕಲಕುವಂಥದ್ದು, ನಿದ್ದೆಗೆಡಿಸುವ ಸುದ್ದಿ, ನೋಡಲಾಗದ ದೃಶ್ಯ. ಗಲಾಟೆಗೆ ಡಿಸ್ರಪ್ಟಿವ್ ಹಾಕಿ, ಇಲ್ಲವಾದರೆ ಡಿಸ್ಟ್ರ್ಯಾಕ್ಟಿಂಗ್.

ಮೂಲೆಮನೆ:

ಎಲ್ಲರೂ ಗುಣವಾಚಕಗಳ ಹಿಂದೆ ಬಿದ್ದಿದ್ದೀರಿ, ಪ್ರಶ್ನೆ ಕೇಳಿದವರು ವಿಷಯಕ್ಕೇ ಹೆಸರು ಕೇಳಿದ್ದಾರೆ. ನಾಮಪದಗಳೂ ಬೇಕಷ್ಟಿವೆ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ನ್ಯೂಸೆನ್ಸ್. ವಸ್ತು, ಮನುಷ್ಯ, ಪ್ರಾಣಿ, ಪರಿಸ್ಥಿತಿ, ಯಾವುದಕ್ಕೂ ಆಗುತ್ತದೆ. "ವಾಟ್ ಎ ನ್ಯೂಸೆನ್ಸ್" ಅಂದರೆ ಬರೀ ಸಣ್ಣ ತೊಂದರೆ. ಕಾನೂನಿನಲ್ಲಿ ಮಾತ್ರ ಅದಕ್ಕೆ ಗಟ್ಟಿ ಅರ್ಥ ಇದೆ. ನೆರೆಯವರ ಹೊಗೆ, ವಾಸನೆ, ಸದ್ದು ನಮ್ಮ ಮನೆಯಲ್ಲಿ ನೆಮ್ಮದಿಯಿಂದ ಇರಲು ಬಿಡದಿದ್ದರೆ ಪ್ರೈವೇಟ್ ನ್ಯೂಸೆನ್ಸ್, ಊರಿಗೇ ತೊಂದರೆಯಾದರೆ ಪಬ್ಲಿಕ್ ನ್ಯೂಸೆನ್ಸ್. ಕೋರ್ಟಿನ ಇನ್ನೊಂದು ಪದ ವೆಕ್ಸೇಶಿಯಸ್. ಹುರುಳಿಲ್ಲದ ಕೇಸುಗಳನ್ನು ಒಂದರ ಮೇಲೊಂದು ಹಾಕಿ ಎದುರಾಳಿಯನ್ನು ಸತಾಯಿಸುವವರಿಗೆ ವೆಕ್ಸೇಶಿಯಸ್ ಲಿಟಿಗಂಟ್ ಅನ್ನುತ್ತಾರೆ. ಇಂಥವರನ್ನು ತಡೆಯಲು ಇಂಗ್ಲೆಂಡಿನಲ್ಲಿ 1896ರಲ್ಲೇ ಒಂದು ಕಾಯ್ದೆ ಬಂತು. ಅಂದರೆ ಈ ಕಾಟ ಹೊಸದಲ್ಲ.

ಪೆಟ್ ಪೀವ್ ಎಲ್ಲರಿಗೂ ಗೊತ್ತು. ಬೇರೆಯವರಿಗೆ ಏನೂ ಅನ್ನಿಸದಿದ್ದರೂ ನಮಗೆ ಮಾತ್ರ ಮೈ ಪರಚಿಕೊಳ್ಳುವಂತೆ ಮಾಡುವ ನಮ್ಮ ಖಾಸಗಿ ಕಿರಿಕಿರಿ. ಇಲ್ಲಿ ಪೆಟ್ ಅಂದರೆ ಅಚ್ಚುಮೆಚ್ಚಿನ ಅಂತ, ಸಾಕಿಕೊಂಡ ಹಾಗೆ. ಪೀವಿಷ್ ಅನ್ನುವ ಹಳೆಯ ಪದದ ಬಾಲ ಕತ್ತರಿಸಿ ಪೀವ್ ಮಾಡಿದ್ದು, 20ನೇ ಶತಮಾನದ ಶುರುವಿನಲ್ಲಿ ಅಮೆರಿಕದಲ್ಲಿ ಓಡಾಡಲು ತೊಡಗಿದ ಪದ. ಬ್ರಿಟನ್ನಿನವರು ಪೆಟ್ ಹೇಟ್ ಅನ್ನುವುದು ಜಾಸ್ತಿ, ಇಲ್ಲವೇ ಬಗ್‌ಬೇರ್. ಬಗ್‌ಬೇರ್ ಮೊದಲು ಮಕ್ಕಳನ್ನು ಹೆದರಿಸಲು ಹೇಳುತ್ತಿದ್ದ ಗುಮ್ಮ. ಈಗ ಹೆದರಿಕೆ ಹೋಗಿ ಬರೀ ಕಿರಿಕಿರಿ ಉಳಿದಿದೆ.

ಥಾರ್ನ್ ಇನ್ ದ ಸೈಡ್ ಅಂದರೆ ನಮ್ಮ ಮಗ್ಗುಲ ಮುಳ್ಳು, ಬೇರೆ ವಿವರಣೆಯೇ ಬೇಡ. ಸೋರ್ ಪಾಯಿಂಟ್ ಅಂದರೆ ಎತ್ತಿದರೆ ಸಾಕು ಒಬ್ಬರಿಗೆ ರೇಗುವಂಥ ವಿಷಯ. ಲಾಸ್ಟ್ ಸ್ಟ್ರಾ ಅನ್ನುವುದನ್ನು ಕಂಡಕಂಡಲ್ಲಿ ಬಳಸಬೇಡಿ. ಒಂಟೆಯ ಬೆನ್ನು ಮುರಿದ ಕೊನೆಯ ಹುಲ್ಲುಕಡ್ಡಿ ಅದು. ಹಿಂದೆ ಒಂದು ಹೊರೆ ಇರಲೇಬೇಕು, ಆ ಕಡ್ಡಿ ಮಾತ್ರ ತೀರಾ ಚಿಕ್ಕದಿರಬೇಕು. ಮೊದಲ ಸಲ ಆದದ್ದಕ್ಕೆ ಲಾಸ್ಟ್ ಸ್ಟ್ರಾ ಅನ್ನುವಂತಿಲ್ಲ.

ರೆಡ್ ರ‍್ಯಾಗ್ ಟು ಎ ಬುಲ್ ಅನ್ನುವುದೂ ಇದೆ, ಒಬ್ಬರನ್ನು ಕೆರಳಿಸುವುದು ಖಚಿತ ಅಂತ ಗೊತ್ತಿರುವ ಮಾತು ಅಥವಾ ವಿಷಯ. ಪಾಪ, ಗೂಳಿಗೆ ಕೆಂಪು ಬಣ್ಣ ನಮಗೆ ಕಂಡ ಹಾಗೆ ಕಾಣುವುದೇ ಇಲ್ಲ. ಅದು ನುಗ್ಗುವುದು ಬಟ್ಟೆ ಅಲ್ಲಾಡುವುದನ್ನು ನೋಡಿ.

ನೀಲಿಶಾಯಿ:

ವಾಹ್, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಗಾಲಿಂಗ್ ಎತ್ತಿಟ್ಟುಕೊಂಡೆ. ಇವುಗಳಲ್ಲಿ ಆಫೀಸ್ ಮೇಲ್‌ನಲ್ಲಿ ಹಾಕಬಹುದಾದದ್ದು ಯಾವುದು? ದೂರು ಗಟ್ಟಿಯಾಗಿ ಕೇಳಬೇಕು, ಆದರೆ ನಾನು ಕೂಗಾಡುತ್ತಿದ್ದೇನೆ ಅಂತ ಅನ್ನಿಸಬಾರದು.

ಕೆಂಪುಗೆರೆ:

ಫ್ರಸ್ಟ್ರೇಟಿಂಗ್ ಒಂದೇ ಧೈರ್ಯವಾಗಿ ಹಾಕಬಹುದು. ಕೆಲಸಕ್ಕೆ ಅಡ್ಡಿಯಾಗಿದೆ ಅಂತ ಹೇಳುತ್ತದೆ, ನಿಮ್ಮ ಮೂಗಿನ ತುದಿಯ ಕೋಪ ತೋರಿಸುವುದಿಲ್ಲ. ಅನ್ನಾಯಿಂಗ್ ಬೇಡ. ಅದನ್ನು ಓದಿದವರಿಗೆ ಕಾಣುವುದು ನಿಮ್ಮ ಮೂಡ್, ಸಮಸ್ಯೆ ಅಲ್ಲ. ನಿಜವಾಗಿ ಗಟ್ಟಿ ಮಾಡಬೇಕಿದ್ದರೆ ಸಿಟ್ಟಿನ ಪದವನ್ನೇ ಬಿಟ್ಟುಬಿಡಿ. ಇಂಥ ದಿನ ಹೇಳಿದ್ದೆ, ಇಂಥ ದಿನ ನೆನಪಿಸಿದ್ದೆ, ಇನ್ನೂ ಆಗಿಲ್ಲ ಅಂತ ಮೂರು ಸಾಲು ಬರೆದು ಕೊನೆಗೆ ಅನ್‌ಅಕ್ಸೆಪ್ಟಬಲ್ ಅನ್ನಿ. ಇನ್‌ಫ್ಯೂರಿಯೇಟಿಂಗ್‌ಗಿಂತ ಅದಕ್ಕೇ ಜನ ಹೆದರುತ್ತಾರೆ.

ಅಗ್ರವೇಟಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಅದರ ಮೂಲ ಅರ್ಥ ಭಾರ ಹೆಚ್ಚಿಸು, ಇರುವುದನ್ನು ಇನ್ನಷ್ಟು ಕೆಡಿಸು ಅಂತ. ಕಿರಿಕಿರಿ ಮಾಡುವ ಅನ್ನುವ ಅರ್ಥದಲ್ಲೂ 17ನೇ ಶತಮಾನದಿಂದ ಬಳಕೆಯಲ್ಲಿದೆ. ಆದರೂ ಹಾಗೆ ಬರೆದರೆ ತಪ್ಪು ಅಂತ ಹಿಡಿದುಕೊಳ್ಳುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ಮಾತಿನಲ್ಲಿ ಓಡುತ್ತದೆ, ಮೇಲ್‌ನಲ್ಲಿ ಯಾಕೆ ಸುಮ್ನೆ ತಂಟೆ.

ಅಮೆರಿಕದವರಿಗೆ ಬರೆಯುತ್ತೀರಾ, ಬ್ರಿಟನ್ನಿನವರಿಗಾ ಅಂತಲೂ ನೋಡಿ. ಮ್ಯಾಡ್ ಅಂದರೆ ಅಮೆರಿಕದಲ್ಲಿ ಸಿಟ್ಟು, ಬ್ರಿಟನ್ನಿನಲ್ಲಿ ಹೆಚ್ಚಾಗಿ ಹುಚ್ಚು. ಪಿಸ್ಡ್ ಅಂದರೆ ಅಮೆರಿಕದಲ್ಲಿ ಸಿಟ್ಟಿಗೆದ್ದ, ಬ್ರಿಟನ್ನಿನಲ್ಲಿ ಕುಡಿದು ಮತ್ತೇರಿದ. ಎರಡೂ ಮೇಲ್‌ಗೆ ಬೇಡ, ಹೇಳಿದ್ದು ಅರ್ಥವಾಗಲಿ ಅಂತ.

ತಂಗಾಳಿ:

ಪೆನ್ನಿನ ಟಕ್ ಟಕ್ ಬಗ್ಗೆ ಒಂದು ಮಾತು. ಕೆಲವರಿಗೆ ಅದು ಇರಿಟೇಟಿಂಗ್ ಮಟ್ಟದಲ್ಲಿ ನಿಲ್ಲುವುದೇ ಇಲ್ಲ. ಪಕ್ಕದವರು ಚಪ್ಪರಿಸಿಕೊಂಡು ಅಗಿಯುವುದು, ಮೂಗೆಳೆಯುವುದು, ಪೆನ್ನು ಒತ್ತುವುದು, ಇಂಥ ಸಣ್ಣ ಸದ್ದಿಗೇ ಎದೆ ಬಡಿತ ಏರಿ, ಅಲ್ಲಿಂದ ಎದ್ದು ಓಡಬೇಕು ಅನ್ನುವಷ್ಟು ಕೋಪ ಬರುತ್ತದೆ. ಅದಕ್ಕೆ ಮಿಸೋಫೋನಿಯಾ ಅನ್ನುತ್ತಾರೆ, 2001ರಲ್ಲಿ ಸಂಶೋಧಕರಾದ ಜಸ್ಟ್ರೆಬಾಫ್ ದಂಪತಿ ಕೊಟ್ಟ ಹೆಸರು. ಸದ್ದು ಜೋರಾಗಿರಬೇಕು ಅಂತಿಲ್ಲ, ಅದೇ ವಿಚಿತ್ರ. ಅಂಥ ಸದ್ದಿಗೆ ಟ್ರಿಗರ್ ಅನ್ನುವುದು ವಾಡಿಕೆ. ಹಾಗಾಗಿ ಸಹೋದ್ಯೋಗಿ ಯಾರಾದರೂ ಈ ಟಕ್ ಟಕ್ ನನಗೆ ಅನ್‌ಬೇರಬಲ್ ಅಂದರೆ ಉತ್ಪ್ರೇಕ್ಷೆ ಅಂತ ತಳ್ಳಿಹಾಕಬೇಡಿ, ದಯವಿಟ್ಟು.

ಹಳೇ ಚಪ್ಪಲಿ:

ಬೇಕಂತಲೇ ಸಿಟ್ಟು ಬರಿಸಲು ಮಾಡುವ ಪೋಸ್ಟ್, ವಿಡಿಯೋಗಳಿಗೆ ರೇಜ್ ಬೈಟ್ ಅನ್ನೋದನ್ನು ಮರೆತೇಬಿಟ್ಟಿರಾ? ಆಕ್ಸ್‌ಫರ್ಡ್‌ನವರು 2025ರ ವರ್ಷದ ಪದ ಅಂತ ಆರಿಸಿದ್ದೇ ಅದನ್ನು. ಗಾಳಕ್ಕೆ ಸಿಕ್ಕಿಸುವ ಎರೆಯೇ ಬೈಟ್. ನಾವು ಕೋಪ ಮಾಡಿಕೊಂಡು ಕಮೆಂಟ್ ಹಾಕಿದಷ್ಟೂ ಅವರ ಪೋಸ್ಟ್ ಮೇಲೇಳುತ್ತದೆ. ಪದ 2002ರಲ್ಲೇ ಯೂಸ್‌ನೆಟ್ ಅನ್ನುವ ಹಳೆಯ ಆನ್‌ಲೈನ್ ಚರ್ಚಾ ಜಾಲದಲ್ಲಿ ಕಾಣಿಸಿಕೊಂಡಿತ್ತಂತೆ, ಹಿಂದಿನ ಗಾಡಿಯವರು ದಾರಿ ಬಿಡಿ ಅಂತ ಲೈಟ್ ಮಿನುಗಿಸಿದಾಗ ಮುಂದಿನ ಡ್ರೈವರ್ ರೇಗುವ ವಿಷಯದಲ್ಲಿ.

ಪದಬಂಧ ಪ್ರಿಯೆ:

ರೇಜ್ ಅಂದಾಗ ನೆನಪಾಯಿತು, ಔಟ್‌ರೇಜ್‌ನಲ್ಲಿ ಔಟೂ ಇಲ್ಲ, ರೇಜೂ ಇಲ್ಲ. ಹಳೆಯ ಫ್ರೆಂಚಿನಿಂದ ಬಂದದ್ದು, ಲ್ಯಾಟಿನ್ನಿನ ಅಲ್ಟ್ರಾ, ಅಂದರೆ ಆಚೆ, ಮೀರಿ ಅನ್ನುವುದಕ್ಕೆ ಏಜ್ ಸೇರಿ ಆದದ್ದು. ಹದ್ದು ಮೀರಿದ್ದು. ಅದಕ್ಕೇ ಔಟ್‌ರೇಜಸ್ ಅನ್ನುವುದನ್ನು ಖಾಸಗಿ ಕಿರಿಕಿರಿಗೆ ಹಾಕಿದರೆ ಸರಿ ಕೂರುವುದಿಲ್ಲ. ನೋಡಿದವರೆಲ್ಲ ಇದು ಅತಿಯಾಯಿತು ಅನ್ನಬೇಕು, ಅಂಥದ್ದಕ್ಕೆ ಅದು. ನನ್ನ ಕಾವಿನ ಲೆಕ್ಕದಲ್ಲಿ ಇದಕ್ಕೆ ಜಾಗ ಸಿಗುತ್ತಿಲ್ಲ. ಗುಬ್ಬಿಗೂಡು ಹೇಳಿದ್ದರಲ್ಲಿ ಸ್ವಲ್ಪ ಹುರುಳಿದೆ ಬಿಡಿ.

ನೀಲಿಶಾಯಿ:

ಕೊನೆಯದೊಂದು. ನಾವು ನ್ಯಾಯವಾದ ವಿಷಯಕ್ಕೇ ದನಿ ಏರಿಸಿರುತ್ತೇವೆ. ಎದುರಿನವರು ಮೆಲ್ಲಗೆ ನಕ್ಕು "ಕಾಮ್ ಡೌನ್" ಅನ್ನುತ್ತಾರೆ. ಆ ಎರಡು ಪದಕ್ಕೆ ಬರುವಷ್ಟು ಸಿಟ್ಟು ಮೂಲ ವಿಷಯಕ್ಕೂ ಬಂದಿರುವುದಿಲ್ಲ. ಆ ನಡವಳಿಕೆಗೆ ಏನನ್ನುತ್ತಾರೆ?

ಗುಬ್ಬಿಗೂಡು:

ಪ್ಯಾಟ್ರನೈಸಿಂಗ್. ಅಮೆರಿಕದವರಿಗಾದರೆ ಕಂಡಿಸೆಂಡಿಂಗ್ ಬೇಗ ತಲುಪುತ್ತದೆ. ತಾವು ಮೇಲೆ ನಿಂತು, ನಮ್ಮನ್ನು ಮಗು ಮಾಡಿ, ಒಳ್ಳೆಯ ಮಾತಿನಲ್ಲೇ ಸಣ್ಣದು ಮಾಡುವುದು. ಪ್ರವೋಕೇಟಿವ್ ಅಂತ ಹಾಕಬೇಡಿ, ಅದು ಬೇಕಂತಲೇ ಕೆಣಕುವುದಕ್ಕೆ. ಕಾಮ್ ಡೌನ್ ಅನ್ನುವವರಲ್ಲಿ ಅರ್ಧ ಜನಕ್ಕೆ ತಾವು ಕೆಣಕುತ್ತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ. ಮೇಲ್‌ನಲ್ಲಿ ಬರೆಯುವುದಾದರೆ "ಐ ಫೌಂಡ್ ದ ಟೋನ್ ಪ್ಯಾಟ್ರನೈಸಿಂಗ್" ಅನ್ನಿ, ಯು ವರ್ ಅಂತ ಶುರು ಮಾಡಬೇಡಿ, ಇಲ್ಲದಿದ್ದರೆ ಇನ್ನೊಂದು ಕಾಮ್ ಡೌನ್ ಬರುತ್ತದೆ.